ಹಳೇ ಕಟ್‌ಔಟ್ ಡಬ್ಬಿಯಲ್ಲಿ ಹೊಸ ರೆಗ್ಯುಲೇಟರ್: ನನ್ನ ಅನುಭವ

ಪಾಸಿಟಿವ್ ಅರ್ಥ್ ಕಾರಿಗೆ (ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಸೇರಿರುವ ಹಳೇ ಕಾರಿಗೆ) ಚಾರ್ಜಿಂಗ್ ವೋಲ್ಟೇಜ್ ಹತೋಟಿಯಲ್ಲಿಡುವ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಒಗ್ಗಲ್ಲ, ಸುಮ್ನೆ ಆಲ್ಟರ್ನೇಟರ್ ಹಾಕಿ ಮುಗಿಸು ಅಂದವರೇ ಜಾಸ್ತಿ. ಈಗ ಅವರೇ ಬಾನೆಟ್ ಎತ್ತಿ, ಟಾರ್ಚ್ ಹಿಡಿದು ನಾನು ಹಾಕಿದ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಎಲ್ಲಿ ಅಂತ ಹುಡುಕುತ್ತಾರೆ. ಏನೂ ಸಿಗುವುದಿಲ್ಲ. ಡಬ್ಬಿಯ ಮುಚ್ಚಳ ತೆಗೆದು ತೋರಿಸಿದರೂ ಒಳಗೆ ಕಾಣುವುದು ಅದೇ ಹಳೇ ಕಾಯಿಲ್, ಅದೇ ಪಾಯಿಂಟ್ (ಕೂಡಿ ಬಿಡುವ ಸಂಪರ್ಕ).

ಕಾರು ಐವತ್ತರ ದಶಕದ ಕೊನೆಯ ಮಾರಿಸ್ ಮೈನರ್ 1000. ಬ್ಯಾಟರಿ ಚಾರ್ಜ್ ಮಾಡಲು ಲ್ಯೂಕಸ್ ಸಿ39 ಡೈನಮೋ, ಅಂದರೆ 19 ಆಂಪ್. ಜೊತೆಗೆ ಆರ್‌ಬಿ106/2 ಡಬ್ಬಿ, ಅದರಲ್ಲಿ ರೆಗ್ಯುಲೇಟರ್ ಮತ್ತು ಕಟ್‌ಔಟ್ (ಡೈನಮೋ ನಿಂತಾಗ ಅದನ್ನು ಬ್ಯಾಟರಿಯಿಂದ ಬಿಡಿಸುವ ಸ್ವಿಚ್) ಎರಡೂ ಇರುತ್ತವೆ. ಆಲ್ಟರ್ನೇಟರ್ ಕೂರಿಸುವುದು ಕಷ್ಟವೇನಲ್ಲ. ಆದರೆ ಹಳೇದಲ್ಲ ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ, ಜೊತೆಗೆ ಅರ್ಥ್ ಕೂಡ ನೆಗೆಟಿವ್‌ಗೆ ತಿರುಗಿಸಬೇಕು. ಡೈನಮೋ ಚಿಪ್ಪಿನೊಳಗೆ ಆಲ್ಟರ್ನೇಟರ್ ಅಡಗಿಸಿದ್ದು ಸಿಗುತ್ತದೆ, ಆದರೆ ಬೆಲೆ ಕೇಳಿ ವಾಪಸ್ ಬಂದೆ. ಅಷ್ಟು ದುಡ್ಡಿಗೆ ಇಡೀ ಕಾರಿಗೆ ಬಟ್ಟೆ ಹೊದಿಕೆಯ ವೈರಿಂಗ್ ಬರುತ್ತೆ.

ಡಬ್ಬಿಯ ಹೊಸ ನಕಲನ್ನೂ ಕೊಂಡು ನೋಡಿದೆ. ಒಂದಲ್ಲ, ಎರಡು. ಅಕ್ಷರ, ಬಣ್ಣ, ಸ್ಕ್ರೂ ಎಲ್ಲ ಸರಿಯಾಗಿತ್ತು. ಸ್ವಲ್ಪ ದಿನದಲ್ಲೇ ಒಂದರ ಕಟ್‌ಔಟ್ ಪಾಯಿಂಟ್ ಅಂಟಿಕೊಂಡಿತು. ಇಂಜಿನ್ ನಿಂತ ಮೇಲೂ ಬ್ಯಾಟರಿಯ ಕರೆಂಟು ಡೈನಮೋಗೆ ಹರಿಯುತ್ತಲೇ ಇತ್ತು. ವಾಸನೆ ಬಂದು ಬ್ಯಾಟರಿ ಕೇಬಲ್ ಕಿತ್ತೆ, ಇಲ್ಲದಿದ್ದರೆ ಡೈನಮೋಗೆ ಹೋಗುವ ವೈರೆಲ್ಲ ಸುಟ್ಟುಹೋಗುತ್ತಿತ್ತು. ಇನ್ನೊಂದರಲ್ಲಿ ವೋಲ್ಟೇಜ್ ದಿನಕ್ಕೊಂದು ಥರ. ಆ ಎರಡಕ್ಕೆ ಹೋದ ದುಡ್ಡಿನ ಕಾಲು ಭಾಗವೂ ಆಮೇಲೆ ಎಲೆಕ್ಟ್ರಾನಿಕ್ಸ್ ಸಾಮಾನಿಗೆ ಖರ್ಚಾಗಲಿಲ್ಲ.

ಎಲ್ಲರೂ ಶಾಪ ಹಾಕುವ ಪಾಸಿಟಿವ್ ಅರ್ಥ್ ಇಲ್ಲಿ ಉಪಕಾರವನ್ನೇ ಮಾಡುತ್ತದೆ. ಲ್ಯೂಕಸ್ ಡೈನಮೋದಲ್ಲಿ ಫೀಲ್ಡ್‌ನ (ಅಯಸ್ಕಾಂತದ ಬಲ ಕೊಡುವ ಸುತ್ತಿನ) ಒಂದು ತುದಿ ಬಾಡಿಗೆ, ಇನ್ನೊಂದು ಎಫ್ ಟರ್ಮಿನಲ್‌ಗೆ. ಎಫ್ ಮತ್ತು ಡಿ (ಡೈನಮೋದ ಕರೆಂಟು ಹೊರಬರುವ ಟರ್ಮಿನಲ್) ನಡುವೆ ಸ್ವಿಚ್ ಬೇಕು, ಅಷ್ಟೇ. ಬಾಡಿ ಪಾಸಿಟಿವ್ ಆದರೆ ಡಿ ನೆಗೆಟಿವ್. ಹಾಗಾಗಿ ಅಗ್ಗದ ಎನ್-ಚಾನೆಲ್ ಮಾಸ್‌ಫೆಟ್ (ಸ್ವಿಚ್ ಥರ ಕೆಲಸ ಮಾಡುವ ಟ್ರಾನ್ಸಿಸ್ಟರ್) ನೇರವಾಗಿ ಕೂರುತ್ತದೆ. ಫೀಲ್ಡ್ ಸುಮಾರು 6 ಓಮ್, ಕರೆಂಟು ಎರಡು ಆಂಪ್ ಚಿಲ್ಲರೆ. ಆ ಟ್ರಾನ್ಸಿಸ್ಟರಿಗೆ ಅದು ಲೆಕ್ಕಕ್ಕೇ ಇಲ್ಲ. ಸ್ವಿಚ್ ಕಡಿದಾಗ ಫೀಲ್ಡ್‌ನಲ್ಲಿ ಏಳುವ ವೋಲ್ಟೇಜ್ ಟ್ರಾನ್ಸಿಸ್ಟರನ್ನು ಸುಡದಂತೆ ಎಫ್‌ನಿಂದ ಬಾಡಿಗೆ ಒಂದು ಡಯೋಡ್ ಹಾಕಬೇಕು.

ನಿಜವಾದ ಕಾಟ ಕೊಟ್ಟದ್ದು ಬಿಸಿ. ಕಟ್‌ಔಟ್ ಬದಲು ಮೊದಲು ಮಾಮೂಲಿ ಸಿಲಿಕಾನ್ ಡಯೋಡ್ ಹಾಕಿದ್ದೆ. ಪೂರ್ತಿ ಲೋಡಿನಲ್ಲಿ ಹತ್ತಿರ ಹತ್ತಿರ ಒಂದು ವೋಲ್ಟ್ ಅದರಲ್ಲೇ ಹೋಗುತ್ತದೆ, ಅಂದರೆ 18-19 ವಾಟ್ ಬಿಸಿ. ಬೇಕಲೈಟ್ ತಳ ಅದನ್ನು ಹೊರಗೆ ಬಿಡಲ್ಲ. ರಾತ್ರಿ ಹೆಡ್‌ಲೈಟ್ ಹಾಕಿಕೊಂಡು ಓಡಿಸಿ ಬಂದಾಗ ಡಯೋಡಿನ ಕಾಲಿನ ಬೆಸುಗೆ ಕರಗಿ, ಕಾಲು ಸಡಿಲಾಗಿ ಅಲ್ಲಾಡುತ್ತಿತ್ತು. ಕಡಿಮೆ ವೋಲ್ಟ್ ತಿನ್ನುವ ಶಾಟ್ಕಿ ಡಯೋಡ್ ಹಾಕಿದ ಮೇಲೆ ಬಿಸಿ ಅರ್ಧಕ್ಕೆ ಇಳಿಯಿತು. ಅದನ್ನು ಕರೆಂಟು ತಡೆಯುವ ಮೈಕಾ ಹಾಳೆ ಇಟ್ಟು ಅಲ್ಯೂಮಿನಿಯಂ ಪಟ್ಟಿಗೆ ಬಿಗಿದೆ. ಪಟ್ಟಿ ತಳದ ಹಿಂದೆ, ಬಲ್ಕ್‌ಹೆಡ್ ತಗಡಿಗೆ ಒತ್ತಿ ಕೂರುತ್ತದೆ. ಈಗ ಡಬ್ಬಿ ಮುಟ್ಟಿದರೆ ಬೆಚ್ಚಗೆ, ಅಷ್ಟೇ. ಬ್ಯಾಟರಿ ವೋಲ್ಟೇಜನ್ನು ಮಾತ್ರ ಡಯೋಡ್ ದಾಟಿದ ಮೇಲೆಯೇ ಅಳೆಯಬೇಕು. 14.2ರ ಆಸುಪಾಸಿಗೆ ಇಟ್ಟಿದ್ದೇನೆ.

ಎರಡನೇ ತೊಡಕು ಬೇರೆ ಥರದ್ದು. ಬೆಂಚಿನ ಮೇಲೆ ಚೆನ್ನಾಗಿ ನಡೆದ ಸರ್ಕ್ಯೂಟ್ ಕಾರಿನಲ್ಲಿ ಚಾರ್ಜೇ ಮಾಡಲಿಲ್ಲ. ಡೈನಮೋದಲ್ಲಿ ಉಳಿದ ಅಯಸ್ಕಾಂತದ ಬಲದಿಂದ ಶುರುವಿಗೆ ಬರುವುದು ಎರಡು ವೋಲ್ಟ್ ಆಚೀಚೆ. ಮಾಸ್‌ಫೆಟ್ ಏಳಲು ಅದು ಸಾಲದು. ಇಲ್ಲೇ ಹಳೇ ಪಾಯಿಂಟಿನ ಬೆಲೆ ಗೊತ್ತಾಗುವುದು. ಅದು ಸುಮ್ಮನಿದ್ದಾಗ ಕೂಡಿಕೊಂಡೇ ಇರುತ್ತದೆ. ಹಾಗಾಗಿ ರೆಗ್ಯುಲೇಟರ್ ಕಾಯಿಲನ್ನು ಕೀಳದೆ ಹಾಗೇ ಬಿಟ್ಟೆ. ಅಡ್ಜಸ್ಟ್ ಸ್ಕ್ರೂ ಸಡಿಲಿಸಿ, ಮೊದಲು 16 ವೋಲ್ಟಿನ ಸುಮಾರಿಗೆ ಎಳೆಯುತ್ತಿದ್ದದ್ದನ್ನು ಎಂಟರ ಹತ್ತಿರಕ್ಕೆ ಇಳಿಸಿದೆ. ಪಾಯಿಂಟ್ ಡೈನಮೋವನ್ನು ಎಬ್ಬಿಸುತ್ತದೆ, ಆಮೇಲೆ ಟಿಕ್ ಅಂತ ಬಿಟ್ಟುಕೊಡುತ್ತದೆ, ಅಲ್ಲಿಂದ ಟ್ರಾನ್ಸಿಸ್ಟರ್ ನೋಡಿಕೊಳ್ಳುತ್ತದೆ. ಆ ಟಿಕ್ ಕೇಳಿಯೇ ಎಷ್ಟೋ ಜನ ಇದು ಹಳೇ ಡಬ್ಬಿ ಅಂತ ನಂಬುತ್ತಾರೆ.

ಕೊಡು-ಕೊಳ್ಳುವ ಆ ಗಳಿಗೆಯಲ್ಲಿ ಒಂದಷ್ಟು ದಿನ ಪಾಯಿಂಟ್ ಪಟಪಟ ಬಡಿದುಕೊಂಡು ವಾರ್ನಿಂಗ್ ದೀಪ ಮಿಣುಕುತ್ತಿತ್ತು. ಪಾಯಿಂಟ್ ಬಿಡುವ ಮೊದಲೇ ಟ್ರಾನ್ಸಿಸ್ಟರ್ ಎದ್ದಿರಬೇಕು, ಗುಟ್ಟು ಅಷ್ಟೇ. ಅದಕ್ಕೆ ಹಾಕಿದ ಕೆಪಾಸಿಟರಿನ ಅಳತೆ ಮಾತ್ರ ಕೇಳಬೇಡಿ. ಅದಕ್ಕೆ ನಾನು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದೇನೆ.

ಕರೆಂಟ್ ಮಿತಿ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಬ್ಯಾಟರಿ ಇಳಿದಿದ್ದರೆ ಡೈನಮೋ ತನ್ನ ಶಕ್ತಿ ಮೀರಿ ಕೊಡಲು ಹೋಗುತ್ತದೆ, ಕಮ್ಯುಟೇಟರಿನ ಬೆಸುಗೆ ಚಿಮ್ಮಿ ಹೋಗುತ್ತದೆ. ಶಂಟ್ (ಕರೆಂಟ್ ಅಳೆಯಲು ಹಾಕುವ ಸಣ್ಣ ರೆಸಿಸ್ಟರ್) ಹಾಕೋಣವೆಂದರೆ ಒಳಗೆ ಜಾಗವಿಲ್ಲ. ಆಗ ಹೊಳೆದದ್ದು ಕಾಯಿಲಿನ ಮೇಲಿರುವ ದಪ್ಪ ತಾಮ್ರದ ಸುತ್ತು. ಚಾರ್ಜಿಂಗ್ ಕರೆಂಟೆಲ್ಲ ಹೇಗೂ ಅದರಲ್ಲೇ ಹಾದುಹೋಗುತ್ತದೆ. ಅದರ ಎರಡು ತುದಿಗೆ ಕೂದಲೆಳೆಯಂಥ ವೈರ್ ಬೆಸೆದು ಅದನ್ನೇ ಶಂಟ್ ಮಾಡಿಕೊಂಡೆ. ತಾಮ್ರದ ಓಮ್ ಬಿಸಿಗೆ ಏರುತ್ತದಲ್ವಾ? 50 ಡಿಗ್ರಿ ಏರಿದರೆ ಸುಮಾರು 20 ಪರ್ಸೆಂಟ್. ಅಂದರೆ ಬಾನೆಟ್ ಒಳಗೆ ಕಾದಷ್ಟೂ ಮಿತಿ ತಾನೇ ಕೆಳಗಿಳಿಯುತ್ತದೆ. ತಣ್ಣಗಿದ್ದಾಗ 18 ಆಂಪ್, ಕಾದಾಗ 15-16. ದುಬಾರಿ ರೆಗ್ಯುಲೇಟರಲ್ಲೂ ನಾನು ಇದನ್ನು ನೋಡಿಲ್ಲ. ಸ್ವಲ್ಪ ಜಂಬ ಇದೆ, ಇರಲಿ ಬಿಡಿ.

ಮಧ್ಯೆ ಬೇರೆ ಕಡೆಗೂ ಕೈ ಹಾಕಿದೆ. ಮೈನರಿನ ಕೈಕಂಬ ಇಂಡಿಕೇಟರಿನಲ್ಲಿ (ತಿರುಗುವಾಗ ಪಕ್ಕದಿಂದ ಹೊರಗೆ ಚಾಚುವ ಕೈ) 3 ವಾಟಿನ ಉದ್ದ ಬಲ್ಬು ಇರುತ್ತದೆ. ಅದರ ಜಾಗಕ್ಕೆ ಎಲ್‌ಇಡಿ ಹಾಕಿದೆ. ಪಾಸಿಟಿವ್ ಅರ್ಥ್ ಆದ್ದರಿಂದ ತುದಿ ತಿರುಗಿಸಿ ಹಾಕಿದರೆ ಹತ್ತುತ್ತದೆ, ಬಿಳಿಗಿಂತ ಹಳದಿಯದೇ ಚೆಂದ. ಹಗಲಲ್ಲಿ ಕಾಣುತ್ತದೆ ಅನ್ನುವುದೇ ದೊಡ್ಡದು. ಗೆಳೆಯರೊಬ್ಬರ ಕಾರಿನಲ್ಲಿ ಮೀಟರುಗಳ 10 ವೋಲ್ಟ್ ಸ್ಟೆಬಿಲೈಸರ್ ತಗಡು ಬಿಚ್ಚಿ, ಒಳಗೆ ಚಿಪ್ ಇಟ್ಟೆವು. ಅದೂ ಪಾಸಿಟಿವ್ ಅರ್ಥ್, ಹಾಗಾಗಿ ನೆಗೆಟಿವ್ ವೋಲ್ಟೇಜಿನ 79 ಸರಣಿಯ ಚಿಪ್. ಮಾಮೂಲಿ ಪಾಸಿಟಿವ್ ಸರಣಿಯಾದ 78ರ ಬೆನ್ನಿನ ತಗಡು ಗ್ರೌಂಡ್, 79ರದ್ದು ಇನ್‌ಪುಟ್. ಮೈಕಾ ಇಲ್ಲದೆ ಬಾಡಿಗೆ ಬಿಗಿದರೆ ಶಾರ್ಟ್. ಪೆಟ್ರೋಲ್ ಮುಳ್ಳು ಈಗ ಅಲ್ಲಾಡದೆ ನಿಲ್ಲುತ್ತದೆ.

ಈಗಿನ ಸ್ಥಿತಿ ಹೀಗಿದೆ. ಹೆಡ್‌ಲೈಟ್, ವೈಪರ್, ಇಗ್ನಿಷನ್ ಎಲ್ಲ ಸೇರಿ 14-15 ಆಂಪ್ ಎಳೆದರೂ ಓಡುವಾಗ 13.8ಕ್ಕಿಂತ ಕೆಳಗೆ ಇಳಿದದ್ದು ನೋಡಿಲ್ಲ. ಮೊದಲು ರಾತ್ರಿ ಓಡಿಸಿದರೆ ಮಾರನೇ ದಿನ ಚಾರ್ಜರ್ ಹಚ್ಚಲೇಬೇಕಿತ್ತು. ಐಡಲ್‌ನಲ್ಲಿ ಮಾತ್ರ ವಾರ್ನಿಂಗ್ ದೀಪ ಹತ್ತಿಕೊಳ್ಳುತ್ತದೆ. ಡೈನಮೋ ಆ ವೇಗದಲ್ಲಿ ಕರೆಂಟೇ ಕೊಡುವುದಿಲ್ಲ, ಯಾವ ರೆಗ್ಯುಲೇಟರ್ ಹಾಕಿದರೂ ಅಷ್ಟೇ.

ರೇಡಿಯೋ ಸದ್ದಿಗೆ ಕಂಡೆನ್ಸರ್ ಹಾಕುವುದಾದರೆ ಡಿಗೆ ಹಾಕಿ, ಎಫ್‌ಗೆ ಬೇಡ. ತುಂಬ ದಿನ ನಿಂತ ಕಾರಿನಲ್ಲಿ ಫೀಲ್ಡ್ ಫ್ಲಾಶ್ (ಡೈನಮೋಗೆ ಅಯಸ್ಕಾಂತದ ಬಲ ಮತ್ತೆ ತುಂಬುವುದು) ಮಾಡುವಾಗ ಡಬ್ಬಿಯ ಕಡೆಯ ಡಿ, ಎಫ್ ಎರಡೂ ವೈರ್ ಕಿತ್ತು, ಡೈನಮೋ ಹತ್ತಿರವೇ ಎಫ್‌ಗೆ ಬ್ಯಾಟರಿಯ ನೆಗೆಟಿವ್ ವೈರನ್ನು ಒಂದು ಕ್ಷಣ ಮುಟ್ಟಿಸಿ. ಡಬ್ಬಿಯ ಎಫ್ ಮೇಲೆ ಮುಟ್ಟಿಸುವ ಹಳೇ ಅಭ್ಯಾಸ ಇದ್ದವರು ಒಂದೆರಡು ಮಾಸ್‌ಫೆಟ್ ಜಾಸ್ತಿ ತಂದಿಟ್ಟುಕೊಳ್ಳಿ.