ಊಟಕ್ಕೆ ಕರೆದು ಪಾಲು ಕೇಳಬಹುದೇ? ನೆದರ್‌ಲ್ಯಾಂಡ್ಸ್‌ಗೆ ಹೊರಟ ನಮ್ಮವರಿಗೆ

ಮೈಸೂರು, ಮಂಡ್ಯ ಕಡೆಯಿಂದ ಐಂಡ್‌ಹೋವನ್‌ಗೋ ಡೆಲ್ಫ್ಟ್‌ಗೋ ಹೋದ ಮಕ್ಕಳು ಮೊದಲ ವರ್ಷ ಸುಮ್ಮನೆ ನೊಂದುಕೊಳ್ಳುವ ವಿಷಯ ಒಂದಿದೆ. ಸಹೋದ್ಯೋಗಿಯೊಬ್ಬರು ಶನಿವಾರ ಸಂಜೆ ಬಾರ್ಬೆಕ್ಯೂಗೆ ಕರೆಯುತ್ತಾರೆ. ಆದರದಿಂದ ಮಾತನಾಡಿಸುತ್ತಾರೆ, ಬಾಗಿಲವರೆಗೆ ಬಂದು ಬೀಳ್ಕೊಡುತ್ತಾರೆ. ಭಾನುವಾರ ಬೆಳಿಗ್ಗೆ ವಾಟ್ಸಾಪ್‌ನಲ್ಲಿ ಒಂದು ಲಿಂಕ್ ಬಂದಿರುತ್ತದೆ: ನಿಮ್ಮ ಪಾಲು 8 ಯೂರೊ. ಮನೆಗೆ ಕರೆದು ಊಟದ ಲೆಕ್ಕ ಹಾಕಿದರಲ್ಲ ಎಂದು ಮನಸ್ಸು ಮುದುಡುತ್ತದೆ. ಮುದುಡಬೇಕಿಲ್ಲ. ಅಲ್ಲಿ ಅದು ನಿಮ್ಮನ್ನು ಸರೀಕರೆಂದು ಎಣಿಸಿದ್ದಕ್ಕೆ ಗುರುತು. ಯಾರೂ ಯಾರ ಋಣದಲ್ಲೂ ಉಳಿಯಬಾರದು ಎನ್ನುವುದು ಅವರ ಎಣಿಕೆ.

ಆ ಲಿಂಕ್ ಬರುವುದು ಟಿಕ್ಕಿ ಎಂಬ ಆ್ಯಪ್‌ನಿಂದ. ಎಬಿಎನ್ ಆಮ್ರೊ ಬ್ಯಾಂಕ್ ಅದನ್ನು 2016ರಲ್ಲಿ ಹೊರತಂದಿತು. ನಮ್ಮಲ್ಲಿ ಯುಪಿಐ ಶುರುವಾದದ್ದೂ ಅದೇ ವರ್ಷ. ಬೇರೆ ಬ್ಯಾಂಕಿನಲ್ಲಿ ಖಾತೆ ಇರುವವರೂ ಬಳಸಬಹುದು. ಖರ್ಚು ಮಾಡಿದವರು ಮೊತ್ತವನ್ನೂ ಕಾರಣವನ್ನೂ ಬರೆದು ಕಳಿಸುತ್ತಾರೆ, ನೀವು ಒತ್ತಿದರೆ ನಿಮ್ಮ ಬ್ಯಾಂಕಿನ ಪುಟ ತೆರೆದುಕೊಳ್ಳುತ್ತದೆ. ಅದೇ ದಿನ ಕೊಟ್ಟುಬಿಡಿ. ಪರಿಚಯವಿಲ್ಲದ ಸಂಖ್ಯೆಯಿಂದ ಬಂದದ್ದನ್ನು ಮಾತ್ರ ಮುಟ್ಟಬೇಡಿ. ಇದೇ ಹೆಸರಿನಲ್ಲಿ ಮೋಸವೂ ನಡೆಯುತ್ತದೆ.

ಖರ್ಚು ಹಂಚಿಕೊಳ್ಳುವುದು ನಮಗೇನೂ ಹೊಸದಲ್ಲ. ಮಂಡ್ಯದ ಯಾವುದೇ ಮದುವೆಯಲ್ಲಿ ಊಟದ ಮನೆಯ ಹತ್ತಿರ ಒಬ್ಬರು ಪುಸ್ತಕ ಹಿಡಿದು ಕುಳಿತಿರುತ್ತಾರೆ. ಮುಯ್ಯಿ ಬರೆಸುವವರು ಊರು, ಹೆಸರು, ಮೊತ್ತ ಹೇಳುತ್ತಾರೆ. ನಾಳೆ ಅವರ ಮನೆಯ ಕಾರ್ಯಕ್ಕೆ ಹೋಗುವಾಗ ಆ ಪುಟವನ್ನು ತೆಗೆದು ನೋಡಿಯೇ ಹೋಗುತ್ತೇವೆ. ನಮ್ಮ ಲೆಕ್ಕ ವರ್ಷಗಟ್ಟಲೆ ತೆರೆದಿರುತ್ತದೆ, ಅವರದು ಮರುದಿನವೇ ಮುಗಿಯುತ್ತದೆ. ಆದರೆ ನಮ್ಮಲ್ಲಿ ಪುಸ್ತಕ ಇಟ್ಟಿರುತ್ತಾರೆಂಬುದು ಹೋಗುವವರಿಗೆಲ್ಲ ಮೊದಲೇ ಗೊತ್ತಿರುತ್ತದೆ. ಇಡೀ ಶಿಷ್ಟಾಚಾರ ನಿಂತಿರುವುದು ಇಲ್ಲಿಯೇ. ಪಾಲು ಕೇಳುವುದು ತಪ್ಪಲ್ಲ, ಉಂಡ ಮೇಲೆ ಕೇಳುವುದು ತಪ್ಪು. ಡಚ್ಚರಲ್ಲೂ ಒಳ್ಳೆಯ ನಡತೆಯವರು ಕರೆಯುವಾಗಲೇ ಹೇಳಿರುತ್ತಾರೆ. ಒಂದು ಲೋಟ ಕಾಫಿಗೆ, ಎರಡು ಬಿಸ್ಕತ್ತಿಗೆ ಲಿಂಕ್ ಕಳಿಸುವವರನ್ನು ಅವರವರೇ ಜಿಪುಣರೆಂದು ಆಡಿಕೊಳ್ಳುತ್ತಾರೆ.

ಎಲ್ಲಿ ಪಾಲು ಇರುವುದಿಲ್ಲ ಎಂಬುದೂ ತಿಳಿದಿರಲಿ. ಹುಟ್ಟುಹಬ್ಬಕ್ಕೆ ಮನೆಗೆ ಕರೆದರೆ ಕಾಫಿ, ಕೇಕ್, ತಿಂಡಿ ಎಲ್ಲ ಕರೆದವರದೇ. ನೀವು ಸಣ್ಣದೊಂದು ಉಡುಗೊರೆ ಒಯ್ದರೆ ಸಾಕು. ಮಧ್ಯಾಹ್ನ 2ರಿಂದ 4 ಎಂದು ಬರೆದಿದ್ದರೆ ಊಟ ಇಲ್ಲವೆಂದೇ ಅರ್ಥ, ಉಂಡುಕೊಂಡು ಹೋಗಿ. ಕಚೇರಿಯಲ್ಲಿ ಹುಟ್ಟುಹಬ್ಬ ಇರುವವರೇ ಎಲ್ಲರಿಗೂ ಕೇಕ್ ತರಬೇಕು, ಆ ದಿನ ನಿಮ್ಮ ಸರದಿ. ಮಕ್ಕಳ ಹುಟ್ಟುಹಬ್ಬದ ಖರ್ಚನ್ನು ಬೇರೆ ಮಕ್ಕಳ ತಂದೆತಾಯಿಯರಿಂದ ಕೇಳುವಂತಿಲ್ಲ. ಮದುವೆಯ ಕರೆಯೋಲೆಯಲ್ಲಿ ಲಕೋಟೆಯ ಚಿತ್ರವಿದ್ದರೆ ಉಡುಗೊರೆಯ ಬದಲು ಹಣ ಕೊಡಿ ಎಂಬ ಸೂಚನೆ, ಅದು ನಮ್ಮವರಿಗೆ ಹೇಳಿಕೊಡಬೇಕಾದದ್ದಲ್ಲ.

ಇನ್ನು ನೀವೇ ಕರೆಯುವಾಗ. ಮನೆಯ ಅಡುಗೆಮನೆಯಲ್ಲಿ ಬೇಯಿಸಿದ್ದಕ್ಕೆ ದುಡ್ಡು ಕೇಳಬೇಡಿ. ನಮ್ಮವರ ನಡುವೆ ಅದು ಎಂದೂ ಒಗ್ಗುವುದಿಲ್ಲ, ಒಗ್ಗಬೇಕಾಗಿಯೂ ಇಲ್ಲ. ಕೈ ಮೀರುವಂತಿದ್ದರೆ ಒಬ್ಬರಿಗೆ ಕೋಸಂಬರಿ, ಒಬ್ಬರಿಗೆ ಪಾಯಸ, ಒಬ್ಬರಿಗೆ ಮೊಸರನ್ನ ಎಂದು ಹಂಚಿಬಿಡಿ. ಆದರೆ ಯುಗಾದಿಗೋ ರಾಜ್ಯೋತ್ಸವಕ್ಕೋ ಸಮುದಾಯ ಭವನವನ್ನು ಬಾಡಿಗೆಗೆ ಹಿಡಿದು, ನಲವತ್ತು ಜನಕ್ಕೆ ಅಡುಗೆ ಹೇಳಿದಾಗ ಆ ಭಾರ ಒಬ್ಬರ ಮೇಲೆ ಬೀಳಬಾರದು. ಒಂದೆರಡು ವರ್ಷ ಪ್ರೀತಿಯಿಂದ ಕೈಯಿಂದ ಹಾಕಿದವರು ಮೂರನೆಯ ವರ್ಷ ಸುಮ್ಮನಾಗಿಬಿಡುತ್ತಾರೆ, ಹಬ್ಬವೇ ನಿಂತುಹೋಗುತ್ತದೆ. ಅದಕ್ಕಾಗಿಯೇ ಸಂಕೋಚ ಬಿಟ್ಟು ಕೇಳಿ ಎನ್ನುತ್ತೇನೆ. ಹೀಗೆ ಬರೆಯಬಹುದು:

‘ಭಾನುವಾರ ಯುಗಾದಿ ಊಟಕ್ಕೆ ದಯವಿಟ್ಟು ಮನೆಮಂದಿಯೆಲ್ಲ ಬನ್ನಿ. ಭವನದ ಬಾಡಿಗೆ ಮತ್ತು ಅಡುಗೆಯ ಖರ್ಚನ್ನು ಎಲ್ಲರೂ ಸೇರಿ ಹಂಚಿಕೊಳ್ಳುತ್ತಿದ್ದೇವೆ. ದೊಡ್ಡವರಿಗೆ ತಲಾ 12 ಯೂರೊ, ಮಕ್ಕಳಿಗೆ ಇಲ್ಲ. ಬುಧವಾರದೊಳಗೆ ಎಷ್ಟು ಜನವೆಂದು ತಿಳಿಸಿ.’

ಮೊತ್ತ ಇರಬೇಕು, ಯಾತಕ್ಕೆಂದು ಇರಬೇಕು, ಬರುವುದಿಲ್ಲ ಎನ್ನಲು ಸಮಯವೂ ಇರಬೇಕು. ‘ನಿಮ್ಮಿಷ್ಟ ಬಂದಷ್ಟು ಕೊಡಿ’ ಎನ್ನಬೇಡಿ. ಕೊಡುವವರಿಗೆ ಅದಕ್ಕಿಂತ ಇಕ್ಕಟ್ಟಿನ ಮಾತಿಲ್ಲ.

ಸಮಪಾಲಿನಲ್ಲಿ ಅನ್ಯಾಯವಾಗುವುದು ಮಾಂಸ ಮತ್ತು ಮದ್ಯದ ಲೆಕ್ಕದಲ್ಲಿ. ಅನ್ನ, ಸಾರು ಉಂಡು ಎದ್ದವರಿಂದ ಬಿಯರಿನ ಪಾಲು ವಸೂಲು ಮಾಡುವುದು ಸಲ್ಲದು. ಕುಡಿಯುವವರು ತಮ್ಮದನ್ನು ತಾವೇ ತರಲಿ, ನಾಟಿ ಕೋಳಿ ಸಾರಿನ ಲೆಕ್ಕ ಬೇರೆ ಇರಲಿ. ಹೋಟೆಲಿಗೆ ಹೋದಾಗಲೂ ಇದೇ: ಕೂರುವ ಮೊದಲೇ ಅವರವರದು ಅವರವರಿಗೋ ಸಮಪಾಲೋ ಎಂದು ಕೇಳಿಬಿಡಿ, ಡಚ್ಚರು ಇದನ್ನು ತಪ್ಪು ತಿಳಿಯುವುದಿಲ್ಲ.

ಈಚೆಗಷ್ಟೇ ಬಂದಿಳಿದವರಿಗೆ ಅಲ್ಲಿಯ ಬ್ಯಾಂಕ್ ಖಾತೆಯೇ ಇನ್ನೂ ಆಗಿರುವುದಿಲ್ಲ. ಅವರ ಪಾಲನ್ನು ಆ ಸಲ ಬಿಟ್ಟುಬಿಡಿ. ಯಾರದೋ ಮನೆಗೆ ಊರಿನಿಂದ ಬಂದಿರುವ ಅಪ್ಪ ಅಮ್ಮನನ್ನು ತಲೆಲೆಕ್ಕಕ್ಕೆ ಸೇರಿಸಬೇಡಿ. ವಾರ ಕಳೆದರೂ ಕೊಡದವರಿಗೆ ಒಮ್ಮೆ ಮಾತ್ರ, ಖಾಸಗಿಯಾಗಿ ನೆನಪಿಸಿ, ಗುಂಪಿನಲ್ಲಿ ಹೆಸರು ಎತ್ತಬೇಡಿ. ಎಲ್ಲ ಮುಗಿದ ಮೇಲೆ ಬಾಡಿಗೆ ಎಷ್ಟು, ಅಡುಗೆಗೆ ಎಷ್ಟು, ಉಳಿದದ್ದೆಷ್ಟು ಎಂದು ಮೂರು ಸಾಲು ಬರೆದು ರಸೀದಿಯ ಚಿತ್ರದೊಂದಿಗೆ ಗುಂಪಿಗೆ ಹಾಕಿ.