400 ಮೀಟರ್ ಹರ್ಡಲ್ಸ್: ಆ 7 ಸೆಂಟಿಮೀಟರ್ ಎಲ್ಲಿ ಸೋರಿಹೋಗುತ್ತದೆ?

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಪಿ.ಟಿ. ಉಷಾ 400 ಮೀಟರ್ ಹರ್ಡಲ್ಸ್ ಫೈನಲ್ ಮುಗಿಸಿದ್ದು 55.42 ಸೆಕೆಂಡಿನಲ್ಲಿ. ಕಂಚು ಗೆದ್ದ ರೊಮೇನಿಯಾದ ಕೊಜೊಕಾರು ಅವರದು 55.41. ಉಷಾ ಅವರ ಓಟದ ಸರಾಸರಿ ವೇಗ ಸೆಕೆಂಡಿಗೆ 7.2 ಮೀಟರ್. ಆ ವೇಗದಲ್ಲಿ ಸೆಕೆಂಡಿನ ನೂರನೇ ಒಂದು ಭಾಗವೆಂದರೆ 7 ಸೆಂಟಿಮೀಟರ್ ಚಿಲ್ಲರೆ. ದಾರಿಗೆ ಅಡ್ಡವಿಟ್ಟ, ದಾಟಲೇಬೇಕಾದ ಹತ್ತು ಹರ್ಡಲ್‌ಗಳಿಗೆ ಹಂಚಿದರೆ ಒಂದೊಂದಕ್ಕೆ 7 ಮಿಲಿಮೀಟರ್. ಉಡುಪಿಯ ಅಜ್ಜರಕಾಡು ಮೈದಾನಕ್ಕೆ ಹರ್ಡಲ್ಸ್ ಕಲಿಯಲು ಬರುವ ಹುಡುಗಿಯರಿಗೆ ಸ್ಪೈಕ್ಸ್ (ಅಡಿಯಲ್ಲಿ ಮುಳ್ಳಿರುವ ಶೂ) ಕಟ್ಟಿಸುವ ಮೊದಲು ನಾವು ಮಾಡಿಸುವುದು ಈ ಲೆಕ್ಕ. ಇದು ಜಿಗಿತದ ಆಟವಲ್ಲ, ಹೆಜ್ಜೆ ಎಣಿಸುವ ಆಟ ಎಂಬುದು ಅವರಿಗೆ ಹೊಳೆಯುವುದು ಇಲ್ಲೇ.

ಮಹಿಳೆಯರ 400 ಮೀಟರ್ ಹರ್ಡಲ್ಸ್ ಒಲಿಂಪಿಕ್ಸ್‌ಗೆ ಬಂದದ್ದೇ ಆ ವರ್ಷ. ಸೆಮಿಫೈನಲ್‌ನಲ್ಲಿ ಉಷಾ 55.54 ಓಡಿದ್ದರು. ಫೈನಲ್‌ನಲ್ಲಿ ಮೊರಾಕ್ಕೊದ ನವಾಲ್ ಎಲ್ ಮುತವಕಿಲ್ 54.61ರಲ್ಲಿ ಚಿನ್ನ ಗೆದ್ದರು. ಉಷಾ ಅವರ 55.42 ನಮ್ಮ ರಾಷ್ಟ್ರೀಯ ದಾಖಲೆಯಾಗಿ ಉಳಿಯಿತು. ಅದನ್ನು ಸರಿಗಟ್ಟಲು 39 ವರ್ಷ ಬೇಕಾಯಿತು: 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ ಹೀಟ್ಸ್‌ನಲ್ಲಿ ತಮಿಳುನಾಡಿನ ವಿದ್ಯಾ ರಾಮರಾಜ್ ಓಡಿದ್ದೂ ಅದೇ 55.42. ನಡುವೆ 2010ರಲ್ಲಿ ನಮ್ಮ ಕುಂದಾಪುರ ತಾಲ್ಲೂಕಿನ ಸಿದ್ದಾಪುರ ಕಡೆಯ ಅಶ್ವಿನಿ ಅಕ್ಕುಂಜಿ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 56.15ರಲ್ಲಿ ಇದೇ ಸ್ಪರ್ಧೆಯ ಚಿನ್ನ ತಂದರು. ಅದಕ್ಕೆ ಮೊದಲು ಆ ವರ್ಷವೇ ದೆಹಲಿ ಕಾಮನ್‌ವೆಲ್ತ್‌ನಲ್ಲಿ 4x400 ರಿಲೇ ಚಿನ್ನದ ತಂಡದಲ್ಲೂ ಇದ್ದರು. ಮನೆಯಂಗಳದಿಂದ ಒಬ್ಬರು ಹೋಗಿ ಬಂದ ದಾರಿ ಇದು ಎಂದು ಹೇಳಿದಾಗ ಮಕ್ಕಳ ಕಣ್ಣಲ್ಲಿ ಕಾಣುವ ಬೆಳಕಿಗೆ ಬೇರೆ ಯಾವ ಉಪದೇಶವೂ ಸಮವಲ್ಲ.

ಈಗ ಲೆಕ್ಕ. ಸ್ಟಾರ್ಟ್‌ನಿಂದ ಮೊದಲ ಹರ್ಡಲ್‌ಗೆ 45 ಮೀಟರ್, ಹರ್ಡಲ್‌ನಿಂದ ಹರ್ಡಲ್‌ಗೆ 35 ಮೀಟರ್, ಹತ್ತನೆಯದರಿಂದ ಗೆರೆಗೆ 40 ಮೀಟರ್. ಎತ್ತರ 76.2 ಸೆಂಟಿಮೀಟರ್. ಸರಿಯಾಗಿ ದಾಟುವವರು ಹರ್ಡಲ್‌ಗೆ ಸುಮಾರು 1.9 ಮೀಟರ್ ದೂರದಲ್ಲಿ ನೆಲ ಬಿಟ್ಟು, ಆಚೆ 1.1 ಮೀಟರಿನಲ್ಲಿ ಕಾಲಿಡುತ್ತಾರೆ. 35ರಲ್ಲಿ ಆ 3 ಮೀಟರ್ ಕಳೆದರೆ ಓಡಲು ಉಳಿಯುವುದು 32 ಮೀಟರ್. ಅದನ್ನು 15 ಹೆಜ್ಜೆಯಲ್ಲಿ ಮುಗಿಸಬೇಕಾದರೆ ಒಂದು ಹೆಜ್ಜೆ 2.13 ಮೀಟರ್, 16ಕ್ಕೆ 2 ಮೀಟರ್, 17ಕ್ಕೆ 1.88, 18ಕ್ಕೆ 1.78, 19ಕ್ಕೆ 1.68. ಅಂತರರಾಷ್ಟ್ರೀಯ ಮಟ್ಟದವರು ಓಟದ ಮೊದಲ ಭಾಗದಲ್ಲಿ ಹೆಚ್ಚಾಗಿ 15 ಹಾಕುತ್ತಾರೆ. ಹೈಸ್ಕೂಲಿನ ಹುಡುಗಿಗೆ 15 ಹೇರಿದರೆ ಆಕೆ ಓಡುವುದಿಲ್ಲ, ಹೆಜ್ಜೆ ಚಾಚಿ ಹಾರುತ್ತಾಳೆ; ಹಿಮ್ಮಡಿ ಸೊಂಟಕ್ಕಿಂತ ಮುಂದೆ ಬಿದ್ದು ಪ್ರತಿ ಹೆಜ್ಜೆಯೂ ಬ್ರೇಕ್ ಆಗುತ್ತದೆ, ತೊಡೆಯ ಹಿಂಬದಿಯ ಸ್ನಾಯು ಹರಿಯುವುದೂ ಹೀಗೆಯೇ. ನಾವು 17ರಿಂದ ಶುರು ಮಾಡುತ್ತೇವೆ, ಗಿಡ್ಡ ಇದ್ದವರಿಗೆ 19.

ಮುಖ್ಯ ವಿಷಯ ಇದರ ಮುಂದಿನದು. ಬೆಸ ಸಂಖ್ಯೆ ಹಾಕಿದರೆ ಪ್ರತಿ ಹರ್ಡಲ್‌ಗೂ ಅದೇ ಕಾಲು ಮುಂದೆ ಬರುತ್ತದೆ. ಸಮ ಸಂಖ್ಯೆಯಾದರೆ ಕಾಲು ಬದಲಾಗುತ್ತದೆ. ಒಂದೇ ಕಾಲಿನಲ್ಲಿ ದಾಟಲು ಬರುವ ಹುಡುಗಿ ಏಳನೇ ಹರ್ಡಲ್ ಹೊತ್ತಿಗೆ ಸುಸ್ತಾಗಿ 17 ಹಾಕಲಾಗದೆ ಹೋದರೆ, ಅವಳಿಗೆ ಇರುವುದು 19 ಮಾತ್ರ. ಹೆಜ್ಜೆ 1.88ರಿಂದ 1.68ಕ್ಕೆ ಇಳಿಯಬೇಕು: ಒಂದೇಟಿಗೆ 20 ಸೆಂಟಿಮೀಟರ್ ಕುಸಿತ. ಎರಡೂ ಕಾಲು ಬರುವವಳು 18ಕ್ಕೆ ಇಳಿಯುತ್ತಾಳೆ, 10 ಸೆಂಟಿಮೀಟರ್ ಮಾತ್ರ ಕಳೆದುಕೊಳ್ಳುತ್ತಾಳೆ. ಹೆಚ್ಚಿನ ಕಡೆ ‘ಒಂದು ಕಾಲು ಗಟ್ಟಿಯಾಗಲಿ, ಇನ್ನೊಂದು ಆಮೇಲೆ’ ಎನ್ನುತ್ತಾರೆ. ಆ ಆಮೇಲೆ ಬರುವುದೇ ಇಲ್ಲ. ಮೊದಲ ವಾರದಿಂದಲೇ ಎಡಕ್ಕೆ ಹತ್ತು ಸಲ ದಾಟಿದರೆ ಬಲಕ್ಕೂ ಹತ್ತು ಸಲ. ಎತ್ತರ ಬೇಡ, 50 ಸೆಂಟಿಮೀಟರ್ ಸಾಕು. ಬರದ ಕಾಲಿನ ಕಡೆ ಸೊಂಟ ಬಿಗಿ ಇರುತ್ತದೆ. ಗೋಡೆ ಹಿಡಿದು ಹಿಂಗಾಲನ್ನು (ಹರ್ಡಲ್ ಮೇಲೆ ಎರಡನೆಯದಾಗಿ ದಾಟುವ ಕಾಲು) ಪಕ್ಕದಿಂದ ಕಂಕುಳಿನ ಕಡೆ ಎತ್ತಿ ಮುಂದಕ್ಕೆ ತರುವ ಅಭ್ಯಾಸ ದಿನಕ್ಕೆ 15ರಂತೆ ಮೂರು ಸಲ.

ತಿರುವಿನಲ್ಲಿ ಎಡಗಾಲು ಮುಂದಿರುವುದು ಮೇಲು. ದೇಹ ಒಳಕ್ಕೆ ವಾಲಿರುವುದರಿಂದ ಲೇನಿನ ಒಳಗೆರೆ ಹತ್ತಿರ ಓಡಬಹುದು. ಬಲಗಾಲು ಮುಂದಿಟ್ಟರೆ ಎಡ ಹಿಂಗಾಲು ಹರ್ಡಲ್‌ನ ಪಕ್ಕದಿಂದ ತೂರಿಹೋಗುವ ಅಪಾಯ ಹೆಚ್ಚು. ಪಾದವೋ ಕಾಲೋ ಹರ್ಡಲ್‌ನ ಮೇಲಂಚಿಗಿಂತ ಕೆಳಗೆ ಪಕ್ಕದಿಂದ ದಾಟಿದರೆ ಅನರ್ಹತೆ. ಜಿಲ್ಲಾ ಕೂಟಗಳಲ್ಲಿ ಇದು ಗಮನಕ್ಕೆ ಬಾರದೆ ಹೋಗಬಹುದು, ರಾಜ್ಯ ಮಟ್ಟದಲ್ಲಿ ಬಾವುಟ ಏಳುತ್ತದೆ. ಹಾಗಾಗಿ ಬಲಗಾಲಿನವರಿಗೆ ಲೇನಿನ ಮಧ್ಯದಲ್ಲಿ ಅಥವಾ ತುಸು ಹೊರಗೆ ದಾಟುವುದನ್ನು ಪ್ರತ್ಯೇಕವಾಗಿ ರೂಢಿ ಮಾಡಿಸಬೇಕು.

ಸಮಯ ಕಳೆಯುವ ಇನ್ನೊಂದು ಜಾಗ ಹರ್ಡಲ್‌ನ ಹಿಂದಿನ ನಾಲ್ಕೈದು ಹೆಜ್ಜೆ. ದೂರ ಸರಿಹೋಗಲಿಲ್ಲ ಎಂಬ ಅಳುಕಿಗೆ ಹೆಜ್ಜೆ ತುಂಡಾಗುತ್ತದೆ, ಹರ್ಡಲ್ ಬುಡಕ್ಕೆ ಹೋಗಿ ಮೇಲಕ್ಕೆ ಜಿಗಿಯುತ್ತಾರೆ, ಆಚೆ ಬಿದ್ದಾಗ ವೇಗವೇ ಇರುವುದಿಲ್ಲ. ಮದ್ದು ಹರ್ಡಲ್ ಹತ್ತಿರ ಇಲ್ಲ, ಹಿಂದಿನ ಹರ್ಡಲ್ ಇಳಿದ ಮೊದಲ ಐದು ಹೆಜ್ಜೆಯಲ್ಲಿದೆ. ಇಳಿದ ಕೂಡಲೇ ಓಡಿದವಳಿಗೆ ಮುಂದಿನದು ತಾನಾಗಿ ಹೊಂದುತ್ತದೆ. ಮಣ್ಣಿನ ಮೈದಾನದಲ್ಲಿ ಸ್ಪೈಕ್ಸ್ ಗುರುತು ನೋಡಿ ಟೇಪ್ ಹಿಡಿಯುತ್ತೇವೆ. ಸಿಂಥೆಟಿಕ್ ಟ್ರ್ಯಾಕ್‌ನಲ್ಲಿ ಹರ್ಡಲ್‌ಗಿಂತ 1.9 ಮೀಟರ್ ಹಿಂದೆ ಒಂದು ಅಂಟುಪಟ್ಟಿ, ಅದರ ಮೇಲೆ ಚಾಕ್‌ಪುಡಿ.

ಪ್ರಗತಿ ಅಳೆಯುವುದು ಒಟ್ಟು ಸಮಯದಿಂದಲ್ಲ, ಪ್ರತಿ ಹರ್ಡಲ್ ಆಚೆ ಮುಂಗಾಲು ನೆಲ ಮುಟ್ಟಿದ ಸಮಯದಿಂದ. 60 ಸೆಕೆಂಡ್ ಗುರಿ ಇಟ್ಟ ಹುಡುಗಿಗೆ ನಾವು ಕೊಡುವ ಪಟ್ಟಿ ಹೀಗೆ: ಮೊದಲನೆಯದು 7.0, ಆಮೇಲೆ 11.6, 16.3, 21.1, 26.1, 31.3, 36.6, 42.1, 47.7, ಹತ್ತನೆಯದು 53.5, ಕೊನೆಯ ಓಟ 6.5. ನಡುವಿನ ಅಂತರ 4.6ರಿಂದ 5.8ರವರೆಗೆ ನಿಧಾನಕ್ಕೆ ಏರುತ್ತದೆ, ಎಲ್ಲೂ ಹಾರುವುದಿಲ್ಲ. ಎಲ್ಲಾದರೂ ಒಮ್ಮೆಲೇ ಅರ್ಧ ಸೆಕೆಂಡ್ ಏರಿದರೆ ಅಲ್ಲಿ ಹೆಜ್ಜೆ ಸಂಖ್ಯೆ ತಪ್ಪಿದೆ ಎಂದೇ ಅರ್ಥ. ಮೊಬೈಲ್ ವಿಡಿಯೊ ಸಾಕು. ಸೆಕೆಂಡಿಗೆ 30 ಚಿತ್ರವಾದರೆ ತಪ್ಪು ಸೆಕೆಂಡಿನ ಮೂವತ್ತನೇ ಒಂದು ಭಾಗದೊಳಗೆ. ಕೈ ಸ್ಟಾಪ್‌ವಾಚ್‌ಗಿಂತ ಎಷ್ಟೋ ವಾಸಿ.

ಹರ್ಡಲ್ ಇಲ್ಲ ಎಂದು ಶಾಲೆಗಳು ಈ ಆಟವನ್ನೇ ಬಿಡುವುದು ಬೇಸರದ ಸಂಗತಿ. ಒಂದು ಇಂಚಿನ ಪಿವಿಸಿ ಪೈಪ್, 6 ಮೀಟರಿನ ಒಂದು ಉದ್ದದಲ್ಲಿ ಒಂದು ಹರ್ಡಲ್ ಆಗುತ್ತದೆ. 1.12 ಮೀಟರಿನ ಎರಡು ಅಡ್ಡ ತುಂಡು, 70 ಸೆಂಟಿಮೀಟರಿನ ಎರಡು ಕಂಬ, 60 ಸೆಂಟಿಮೀಟರಿನ ಎರಡು ಪಾದ, ಆರು ಎಲ್ಬೋ (ಪೈಪಿನ ಮೂಲೆ ಜೋಡಿಸುವ ಬಾಗು). ಒಂದು ಅಡ್ಡ ತುಂಡು ಮೇಲೆ, ಇನ್ನೊಂದು ಎರಡು ಪಾದಗಳ ತುದಿ ಜೋಡಿಸಿ ನೆಲದಲ್ಲಿ. ಎಲ್ಬೋ ಸೇರಿದಾಗ ಕಂಬದ ಎತ್ತರ ಏರುತ್ತದೆ, ಆದ್ದರಿಂದ ಅಂಟು ಹಾಕುವ ಮೊದಲು ಅಳೆದು 76.2ಕ್ಕೆ ಕತ್ತರಿಸಿ. ಮೇಲಿನ ಎರಡು ಎಲ್ಬೋಗೆ ಅಂಟು ಹಾಕಲೇಬೇಡಿ, ಕಾಲು ತಾಗಿದರೆ ಪೈಪು ಬಿಚ್ಚಿಕೊಳ್ಳಬೇಕು. ನೆಲದ ಅಡ್ಡ ತುಂಡಿಗೆ ಮರಳು ತುಂಬಿದರೆ ಗಾಳಿಗೆ ಬೀಳುವುದಿಲ್ಲ. ಪಾದ ಯಾವಾಗಲೂ ಓಟಗಾರ್ತಿ ಬರುವ ಕಡೆಗೆ. ತಿರುಗಿಸಿ ಇಟ್ಟ ಹರ್ಡಲ್ ಮುಂದಕ್ಕೆ ಮಗುಚುವುದಿಲ್ಲ, ಅದು ಮೊಣಕಾಲು ಮುರಿಯುವ ವಸ್ತು. ಮೈದಾನದಲ್ಲಿ ನಾವು ಅತಿ ಹೆಚ್ಚು ಗದರುವುದು ಇದೊಂದಕ್ಕೇ. ಐದು ಮಾಡಿದರೆ ಸಾಕು. ಹತ್ತೂ ಹರ್ಡಲ್ ಇಟ್ಟು ಪೂರ್ತಿ ಓಡುವುದು ಕೂಟದಲ್ಲಿ ಮಾತ್ರ. ಇನ್ನೂ ಚಿಕ್ಕವರಿಗೆ ಎರಡು ಇಟ್ಟಿಗೆಯ ಮೇಲೆ ಅಡಿಕೆ ದಬ್ಬೆ (ಅಡಿಕೆ ಮರದ ಸೀಳು) ಇಟ್ಟರೂ ಕಲಿಕೆ ಆಗುತ್ತದೆ, ದಬ್ಬೆಯ ಸಿಬಿರು ಕೆತ್ತಿ ತೆಗೆದಿರಬೇಕು ಅಷ್ಟೆ.

ಕೂಟದ ತಿಂಗಳುಗಳಲ್ಲಿ ವಾರಕ್ಕೆ ಮೂರು ದಿನ ಹರ್ಡಲ್. ಒಂದು ದಿನ ಸ್ಟಾರ್ಟಿಂಗ್ ಬ್ಲಾಕ್‌ನಿಂದ (ಓಟ ಶುರು ಮಾಡುವಾಗ ಕಾಲೂರುವ ಆಸರೆ) ಮೂರನೇ ಹರ್ಡಲ್‌ವರೆಗೆ, ಐದು ಸಲ, ನಡುವೆ ಪೂರ್ತಿ ವಿಶ್ರಾಂತಿ. ಇನ್ನೊಂದು ದಿನ 300 ಮೀಟರ್ ಹರ್ಡಲ್ಸ್ ಸಹಿತ ಎರಡು ಸಲ, ನಡುವೆ 10 ನಿಮಿಷ. ಮೂರನೆಯದು ನಮಗೆ ಎಲ್ಲಕ್ಕಿಂತ ಮುಖ್ಯ: ಮೊದಲ 200 ಹರ್ಡಲ್ ಇಲ್ಲದೆ ರೇಸ್ ವೇಗದಲ್ಲಿ, ನಿಲ್ಲದೆ ಮುಂದುವರಿದು ಆರರಿಂದ ಹತ್ತರವರೆಗಿನ ಹರ್ಡಲ್. ಸುಸ್ತಾದ ಕಾಲಿಗೆ 18 ಹೆಜ್ಜೆಯ ಪಾಠ ಆಗುವುದು ಇಲ್ಲಿ ಮಾತ್ರ.

ಉಷಾ ಪಯ್ಯೋಳಿಯ ಕಡಲತೀರದಲ್ಲಿ, ಕೋಚ್ ಒ.ಎಂ. ನಂಬಿಯಾರ್ ಅವರ ಗರಡಿಯಲ್ಲಿ ಓಡಿದ್ದನ್ನು ಕೇಳಿ ಮಲ್ಪೆಗೋ ಪಣಂಬೂರಿಗೋ ಓಡುವವರು ಹೆಚ್ಚು. ಮರಳು ಒಳ್ಳೆಯದೇ, ಆದರೆ ತೀರ ಇಳಿಜಾರು. ಒಂದೇ ದಿಕ್ಕಿಗೆ ಓಡಿದರೆ ಸೊಂಟ ಒಂದು ಕಡೆ ವಾಲಿ ಮೊಣಕಾಲಿನ ಹೊರಬದಿ ನೋಯುತ್ತದೆ. ಇಳಿತದ ಹೊತ್ತಿಗೆ, ಒದ್ದೆಯಾಗಿ ಗಟ್ಟಿಯಾದ ಪಟ್ಟಿಯಲ್ಲಿ, ಹೋದಷ್ಟೇ ದೂರ ವಾಪಸ್; ವಾರಕ್ಕೊಮ್ಮೆ, 25 ನಿಮಿಷ ಮೀರದಂತೆ. ಒಣ ಮರಳಿನಲ್ಲಿ 30 ಮೀಟರಿನ ಓಟ ಎಂಟು ಸಾಕು. ಅದಕ್ಕಿಂತ ಹೆಚ್ಚಾದರೆ ಹಿಮ್ಮಡಿಯ ನರ ಹಿಡಿದುಕೊಳ್ಳುತ್ತದೆ.

ಲಾಸ್ ಏಂಜಲೀಸ್ ಫೈನಲ್‌ನಲ್ಲಿ ಇನ್ನೊಬ್ಬ ಓಟಗಾರ್ತಿಯ ಫಾಲ್ಸ್ ಸ್ಟಾರ್ಟ್‌ನಿಂದ ರೇಸ್ ವಾಪಸ್ ಕರೆಯಲ್ಪಟ್ಟು ಮತ್ತೆ ಶುರುವಾಯಿತು. ಅದಕ್ಕೆಂದೇ ತಿಂಗಳಿಗೆರಡು ಸಲ ನಾವು ಬೇಕೆಂದೇ ಎರಡನೇ ಶಿಳ್ಳೆ ಊದಿ ಎಲ್ಲರನ್ನೂ ವಾಪಸ್ ಕರೆಯುತ್ತೇವೆ. ಎರಡು ನಿಮಿಷ ನಡೆದಾಡಿ, ಬ್ಲಾಕ್ ಹಿಂದೆ ನಿಂತು, ಮೊದಲ ಎಂಟು ಹೆಜ್ಜೆ ಮನಸ್ಸಿನಲ್ಲಿ ಎಣಿಸಿ ಮತ್ತೆ ಕೂರಬೇಕು. 2010ರಿಂದ ಮೊದಲ ತಪ್ಪಿಗೇ ಹೊರಗೆ ಹಾಕುವ ನಿಯಮವಿದೆ, ಆದ್ದರಿಂದ ಪಕ್ಕದವಳ ಅಲುಗಾಟಕ್ಕೆ ಅಲುಗದಿರುವುದೂ ಇದೇ ಅಭ್ಯಾಸದಲ್ಲಿ ಬರುತ್ತದೆ. ಗೆರೆಯಲ್ಲಿ ಲೆಕ್ಕಕ್ಕೆ ಬರುವುದು ಎದೆಯ ಭಾಗ; ತಲೆ, ಕೈ, ಕಾಲು ಅಲ್ಲ. ಕೊನೆಯ ಹೆಜ್ಜೆಯಲ್ಲಿ ಕೈ ಹಿಂದೆ ಎಸೆದು ಎದೆ ಮುಂದೂಡಬೇಕು. ಎರಡು ಹೆಜ್ಜೆ ಮೊದಲೇ ಬಾಗಿದರೆ ವೇಗ ಕಡಿಮೆಯಾಗಿ ಗಳಿಕೆಗಿಂತ ನಷ್ಟ ಹೆಚ್ಚು. ಕಲಿಸುವುದು ಸುಲಭ: ಹತ್ತನೇ ಹರ್ಡಲ್‌ನಿಂದ 40 ಮೀಟರ್ ಓಡಿ, ಗೆರೆಯ ಮೇಲೆ ಸಡಿಲ ಹಿಡಿದ ನೂಲನ್ನು ಎದೆಯಿಂದ ಮುಟ್ಟುವುದು. ಸೊಂಟಕ್ಕೆ ತಾಗಿದರೆ ಬಾಗಿಲ್ಲ, ಕುತ್ತಿಗೆಗೆ ತಾಗಿದರೆ ಬೇಗ ಬಾಗಿದ್ದಾಳೆ.

ನಮ್ಮ ಕರಾವಳಿಯ ಸೆಕೆಯಲ್ಲಿ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಅಭ್ಯಾಸಕ್ಕೆ ಮೊದಲು ಮತ್ತು ನಂತರ ತೂಕ ನೋಡಿ. ಅರ್ಧ ಕೆಜಿ ಇಳಿದಿದ್ದರೆ ಮುಕ್ಕಾಲು ಲೀಟರ್ ನೀರು ಒಳಗೆ ಹೋಗಬೇಕು. ಕುಚ್ಚಲಕ್ಕಿ ಗಂಜಿಯ ತಿಳಿಗೆ ಉಪ್ಪು ಹಾಕಿ ಕೊಟ್ಟರೆ ಪ್ಯಾಕೆಟ್ ಪಾನೀಯ ಬೇಕಿಲ್ಲ. ಹುಡುಗಿಯ ಸಮಯ ಕಾರಣವಿಲ್ಲದೆ ಎರಡು ತಿಂಗಳು ನಿಂತಲ್ಲೇ ನಿಂತರೆ ಮೊದಲು ರಕ್ತ ಪರೀಕ್ಷೆ, ಆಮೇಲೆ ಬೈಗುಳ. ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆ ಇದ್ದರೆ ಯಾವ ತರಬೇತಿಯೂ ಮೈಗೆ ಹತ್ತುವುದಿಲ್ಲ. ಬೂತಾಯಿ, ಬಂಗುಡೆ ಮೀನು, ಹುರುಳಿ, ಹರಿವೆ ಸೊಪ್ಪು, ಜೊತೆಗೆ ಲಿಂಬೆ ಅಥವಾ ನೆಲ್ಲಿಕಾಯಿ; ಊಟದ ಬೆನ್ನಿಗೆ ಚಾ ಕುಡಿದರೆ ಕಬ್ಬಿಣದ ಅಂಶ ಸರಿಯಾಗಿ ಹೀರಿಕೆಯಾಗುವುದಿಲ್ಲ. ಮುಟ್ಟು ಮೂರು ತಿಂಗಳು ಬಾರದಿದ್ದರೆ ಅದು ‘ಕಷ್ಟಪಟ್ಟು ಓಡುತ್ತಿದ್ದಾಳೆ’ ಎಂಬುದರ ಗುರುತಲ್ಲ, ಹೆಚ್ಚಾಗಿ ಊಟ ಸಾಲುತ್ತಿಲ್ಲ ಎಂಬುದರ ಗುರುತು. ಮೂಳೆ ಸವೆಯುವ ಮೊದಲು ವೈದ್ಯರಲ್ಲಿಗೆ ಕಳಿಸಿ.

ಪುಡಿ, ಮಾತ್ರೆಗಳ ವಿಷಯ ಹೇಳಲೇಬೇಕು. 2011ರಲ್ಲಿ ಅಶ್ವಿನಿ ಅಕ್ಕುಂಜಿ ಸೇರಿ ರಿಲೇ ತಂಡದ ಹಲವರು ಡೋಪಿಂಗ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಎರಡು ವರ್ಷ ಟ್ರ್ಯಾಕ್‌ನಿಂದ ದೂರ ಉಳಿಯಬೇಕಾಯಿತು. ತಮಗೆ ಕೊಟ್ಟ ಜಿನ್ಸೆಂಗ್ ಪೂರಕದಲ್ಲಿ ನಿಷೇಧಿತ ಅಂಶವಿತ್ತು ಎಂಬುದು ಅವರ ವಾದವಾಗಿತ್ತು. ಯಾರು ಕೊಟ್ಟರು ಎಂಬುದು ಶಿಕ್ಷೆಯಿಂದ ಪಾರುಮಾಡುವುದಿಲ್ಲ. ಮೈಯೊಳಗೆ ಸಿಕ್ಕಿದ್ದಕ್ಕೆ ಓಡುವವಳೇ ಹೊಣೆ. ಆದ್ದರಿಂದ ನಮ್ಮಲ್ಲಿ ಪ್ರತಿ ಹುಡುಗಿಯ ಹತ್ತಿರ ಒಂದು ಪುಸ್ತಕವಿರುತ್ತದೆ. ಶೀತದ ಮಾತ್ರೆಯಿಂದ ಹಿಡಿದು ಅಜ್ಜಿ ಕೊಟ್ಟ ಕಷಾಯದವರೆಗೆ, ತಾರೀಕು ಸಮೇತ ಬರೆಯುವುದು. ಮಾತ್ರೆಯ ಸ್ಟ್ರಿಪ್ ಆದರೆ ಹೆಸರು ಕಾಣುವಂತೆ ಫೋಟೊ ತೆಗೆದು, ನುಂಗುವ ಮೊದಲು ತೋರಿಸುವುದು.