ನಮ್ಮ ಮಿಶ್ರ ಫುಟ್‌ಬಾಲ್ ತಂಡ ನೆಲೆನಿಂತ ಬಗೆ

ಬೌದ್ಧಿಕ ಅಂಗವೈಕಲ್ಯವಿರುವವರನ್ನೂ ಇಲ್ಲದವರನ್ನೂ ಒಂದೇ ತಂಡದಲ್ಲಿ ಆಡಿಸಲು ನಾವು ಕೆಲವು ವಿದ್ಯಾರ್ಥಿಗಳು ಹೊರಟಾಗ, ವರ್ಷಕ್ಕೊಂದು ಕ್ರೀಡಾದಿನ ನಡೆಸಿ ಎಲ್ಲರಿಗೂ ಪದಕ ಹಂಚಿದರೆ ಸಾಕಲ್ಲವೇ ಎಂದು ಪಳಗಿದ ತರಬೇತುದಾರರೇ ಕೇಳಿದ್ದರು. ತಂಡ ಈಗಲೂ ವಾರಕ್ಕೆರಡು ಸಲ ಮೈದಾನಕ್ಕಿಳಿಯುತ್ತಿದೆ. ಅಂದು ಹಾಗೆ ಕೇಳಿದವರಲ್ಲೊಬ್ಬರು ಈಚೆಗೆ ನಮ್ಮ ಅಭ್ಯಾಸಕ್ರಮವನ್ನು ಕೇಳಿ ಪಡೆದಿದ್ದಾರೆ.

ಬೌದ್ಧಿಕ ಅಂಗವೈಕಲ್ಯವಿರುವವರಿಗಾಗಿ ಕ್ರೀಡೆ ನಡೆಸುವ ಸಂಸ್ಥೆಯಾದ ಸ್ಪೆಷಲ್ ಒಲಿಂಪಿಕ್ಸ್‌ನ ಯುನಿಫೈಡ್ (ಮಿಶ್ರ ತಂಡಗಳ) ನಿಯಮದಂತೆ ಐವರ ಆಟದಲ್ಲಿ ಮೂವರು ಕ್ರೀಡಾಪಟುಗಳು, ಅಂದರೆ ಅಂಗವೈಕಲ್ಯವಿರುವವರು, ಮತ್ತು ಇಬ್ಬರು ಪಾರ್ಟ್ನರ್‌ಗಳು, ಅಂದರೆ ಅದಿಲ್ಲದವರು, ಇರಬೇಕು. ತಲೆ ಲೆಕ್ಕ ಸರಿಯಿದ್ದ ಮಾತ್ರಕ್ಕೆ ಆಟ ಕೂಡಿಬರುವುದಿಲ್ಲ. ಮೊದಲು ಪಾರ್ಟ್ನರ್‌ಗಳಾಗಿ ಬಂದವರು ಕಾಲೇಜು ತಂಡದ ಚುರುಕು ಆಟಗಾರರು. ಚೆಂಡು ಅವರಿಬ್ಬರ ಕಾಲಲ್ಲೇ ಸುತ್ತಿತು, ಪಂದ್ಯಗಳನ್ನು ಗೆದ್ದೆವು, ಆದರೆ ಕ್ರೀಡಾಪಟುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಬರುವುದನ್ನೇ ನಿಲ್ಲಿಸಿದರು. ಪಾರ್ಟ್ನರ್ ಗೋಲು ಹೊಡೆಯಬಾರದೆಂಬ ಕಟ್ಟಳೆ ತಂದೆವು. ಅದರಿಂದ ಸ್ಥಿತಿ ಇನ್ನಷ್ಟು ಕೆಟ್ಟಿತು. ಒಂದು ಸಂಜೆ ಗೋಲ್‌ಕೀಪರ್ ಬೇಕೆಂದೇ ಚೆಂಡನ್ನು ಒಳಬಿಟ್ಟಾಗ ನಮ್ಮ ಫಾರ್ವರ್ಡ್ ಹುಡುಗಿ, "ನೀನೇ ಬಿಟ್ಟೆ, ಇದು ಲೆಕ್ಕಕ್ಕಿಲ್ಲ" ಎನ್ನುತ್ತಾ ಬಲೆಯಿಂದ ಚೆಂಡನ್ನೆತ್ತಿಕೊಂಡು ಬಂದು, ಹೊಡೆದ ಜಾಗದಲ್ಲೇ ಮತ್ತೆ ಇಟ್ಟಳು. ಆ ಕಟ್ಟಳೆಯನ್ನು ಅಂದೇ ಕೈಬಿಟ್ಟೆವು.

ಕೊನೆಗೆ ಫಲ ಕೊಟ್ಟದ್ದು ಸಮಬಲದ ಜೋಡಿ. ಡ್ರಿಬ್ಲಿಂಗ್, ಪಾಸ್, ಶಾಟ್‌ಗಳಲ್ಲಿ ಎಲ್ಲರಿಗೂ ಒಂದೇ ಪರೀಕ್ಷೆಯಿಟ್ಟು, ಅಂಕಗಳು ಹತ್ತಿರವಿದ್ದವರನ್ನು ಜೊತೆಗೂಡಿಸಿದೆವು. ಹೀಗಾಗಿ ಪಾರ್ಟ್ನರ್‌ಗಳಲ್ಲಿ ಹೆಚ್ಚಿನವರು ಕಾಲೇಜು ತಂಡಕ್ಕೆ ಆಯ್ಕೆಯಾಗದವರೇ ಆದರು. ಕಲಿಯುವ ಹಸಿವು ಇಬ್ಬರಲ್ಲೂ ಒಂದೇ ಆಗಿದ್ದರಿಂದ ಯಾರೂ ಯಾರಿಗೂ ಉಪಕಾರ ಮಾಡುವ ಸ್ಥಾನದಲ್ಲಿ ಉಳಿಯಲಿಲ್ಲ.   ಒಳಾಂಗಣದಲ್ಲಿ ಸೀಟಿಯ ಮಾರ್ದನಿಗೆ ಇಬ್ಬರು ಕಿವಿ ಮುಚ್ಚಿ ಕುಳಿತುಬಿಡುತ್ತಿದ್ದರು. ಸೀಟಿಯ ಬದಲು ಬಾವುಟ ಬಂದ ಮೇಲೆ ಆ ತೊಂದರೆ ನೀಗಿತು. ಡೌನ್ ಸಿಂಡ್ರೋಮ್ ಇರುವ ಕೆಲವರಲ್ಲಿ ಕುತ್ತಿಗೆಯ ಮೇಲ್ತುದಿಯ ಎರಡು ಮೂಳೆಗಳ ನಡುವಿನ ಕೀಲು ಸಡಿಲವಾಗಿರುವುದರಿಂದ, ವೈದ್ಯರು ಒಪ್ಪುವವರೆಗೆ ಅವರಿಗೆ ಹೆಡಿಂಗ್ (ತಲೆಯಿಂದ ಚೆಂಡು ಹೊಡೆಯುವುದು) ಇಲ್ಲ. ಇದರಲ್ಲಿ ರಿಯಾಯಿತಿ ಸಲ್ಲದು.

ಹಣದ ಮಾತು. ಜೆರ್ಸಿಗೆ ದಾನಿಗಳು ಸಿಗುತ್ತಾರೆ, ವಾಹನಕ್ಕೆ ಸಿಗುವುದಿಲ್ಲ. ನಮ್ಮ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಅದಕ್ಕೇ ಹೋಗುತ್ತಿತ್ತು. ಕನಿಕರ ಹುಟ್ಟಿಸುವ ಫೋಟೊಗಳನ್ನು ಕೇಳಿದ ಪ್ರಾಯೋಜಕರೊಬ್ಬರಿಗೆ ಇಲ್ಲವೆಂದಾಗ ಆ ವರ್ಷದ ಆದಾಯದ ಸುಮಾರು ಮೂರನೆಯ ಒಂದು ಪಾಲು ಕೈತಪ್ಪಿತು. ಆಗ ಜೋಡಿಗಳೇ ಒಟ್ಟಾಗಿ ಬಸ್ಸಿನಲ್ಲಿ ಬರಲಿ ಎಂದೆವು. ಮೊದಮೊದಲು ತಾಯಂದಿರು ಹಿಂದಿನ ಸೀಟಿನಲ್ಲಿ ಕುಳಿತು ಬಂದರು, ಕ್ರಮೇಣ ನಿಲ್ದಾಣದಿಂದಲೇ ಬೀಳ್ಕೊಟ್ಟರು. ಸಾರಿಗೆ ವೆಚ್ಚ ಅರ್ಧಕ್ಕಿಳಿಯಿತು. ಅದಕ್ಕಿಂತ ದೊಡ್ಡ ಲಾಭವೆಂದರೆ, ಅಭ್ಯಾಸವಿಲ್ಲದ ದಿನಗಳಲ್ಲೂ ಅವರು ಒಬ್ಬರನ್ನೊಬ್ಬರು ಕರೆದು ಭೇಟಿಯಾಗತೊಡಗಿದರು.

ನಡುವೆ ಬೋಚೆಯನ್ನೂ, ಅಂದರೆ ಗುರಿಚೆಂಡಿನ ಹತ್ತಿರಕ್ಕೆ ಚೆಂಡು ಉರುಳಿಸುವ ಆಟವನ್ನೂ, ಆಡಿಸಿ ನೋಡಿದೆವು. ಓಟದಲ್ಲಿ ಬೇಗ ದಣಿಯುವವರಿಗೆ ಅದು ಹಿಡಿಸಿತು. ಫುಟ್‌ಬಾಲ್‌ನಲ್ಲಿ ಮೂಲೆ ಹಿಡಿದು ನಿಲ್ಲುತ್ತಿದ್ದ ಹುಡುಗನೊಬ್ಬ ಗುರಿಚೆಂಡಿಗೆ ಟೇಪ್ ಹಿಡಿದು ದೂರ ಅಳೆಯುವುದರಲ್ಲಿ ಎಷ್ಟು ಖಚಿತನೆಂದರೆ, ಎದುರಾಳಿ ತಂಡಗಳೂ ಅಳತೆಗೆ ಅವನನ್ನೇ ಕರೆಯುತ್ತವೆ. ಬರುವ ಸಾಲಿನಲ್ಲಿ ಹೊಸಬರ ಆಯ್ಕೆ ಪರೀಕ್ಷೆಯ ಅಳತೆ, ಅಂಕಪಟ್ಟಿ ಎರಡನ್ನೂ ಅವನಿಗೇ ವಹಿಸಿದ್ದೇವೆ.